ಟೈಟೇನಿಯಂ ಫ್ರೇಮಿನ ಕನ್ನಡಕ: ಕರಾವಳಿಯಲ್ಲಿ ಹಲವು ವರ್ಷ ಬಳಸಿದ ಮೇಲೆ

ಮಂಗಳೂರಿನ ಸೆಕೆಯಲ್ಲಿ ದಿನವಿಡೀ ಕನ್ನಡಕ ಹಾಕಿಕೊಂಡಿರುವವರಿಗೆ ಲೋಹದ ಫ್ರೇಮು ಎಲ್ಲಿಂದ ಕೆಡಲು ಶುರುವಾಗುತ್ತದೆ ಎಂಬುದು ಗೊತ್ತೇ ಇರುತ್ತದೆ. ಕಿವಿಯ ಹತ್ತಿರ ಮೇಲಿನ ಲೇಪ ಸಿಪ್ಪೆಯೇಳುತ್ತದೆ, ಮೂಗಿನ ಪ್ಯಾಡು ಹಿಡಿದಿರುವ ತಂತಿಯ ಬುಡದಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ನಾನು ಮೊದಲು ಬಳಸಿದ ಫ್ರೇಮುಗಳೆಲ್ಲ ಹೀಗೆಯೇ ಹಾಳಾದವು. ಕಡಿಮೆ ಬೆಲೆಯ ಫ್ರೇಮುಗಳಿಗೆ ಬಳಸುವ ಮೋನೆಲ್, ನಿಕಲ್ ಸಿಲ್ವರ್ ಮೊದಲಾದ ಮಿಶ್ರಲೋಹಗಳಲ್ಲಿ ತಾಮ್ರವಿರುತ್ತದೆ. ಲೇಪ ಹೋದ ಜಾಗದಲ್ಲಿ ಬೆವರಿನ ಉಪ್ಪು ಆ ತಾಮ್ರವನ್ನು ಮುಟ್ಟಿತೆಂದರೆ ಎಷ್ಟು ಒರೆಸಿದರೂ ಕಿಲುಬು ಮತ್ತೆ ಬರುತ್ತದೆ. ಈ ಕಾಟ ತಪ್ಪಲೆಂದೇ ಟೈಟೇನಿಯಂ ಫ್ರೇಮು ಕೊಂಡೆ.

ಹಲವು ಮಳೆಗಾಲ, ಬೇಸಿಗೆ ಕಳೆದ ಮೇಲೂ ಅದೇ ತಂತಿಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮಾಸಲು ಬೂದು ಬಣ್ಣದ ಲೋಹ ಮಾತ್ರ ಕಾಣುತ್ತದೆ. ಕಲೆಯಿಲ್ಲ, ಗುಳಿಯಿಲ್ಲ, ಪುಡಿಯಿಲ್ಲ. ತೂಕವೂ ಹಗುರ, ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8 ಗ್ರಾಂ ಇದ್ದರೆ ಟೈಟೇನಿಯಂನದು 4.5 ಗ್ರಾಂ.

ಅಂಗಡಿಯಲ್ಲಿ ಕೇಳಿದರೆ ಟೈಟೇನಿಯಂ ಯಾವುದರೊಡನೆಯೂ ಕೂಡದ ಲೋಹ, ಹಾಗಾಗಿ ತುಕ್ಕು ಹಿಡಿಯುವುದಿಲ್ಲ ಎನ್ನುತ್ತಾರೆ. ಆ ಮಾತು ಚಿನ್ನಕ್ಕೆ ಸರಿ, ಟೈಟೇನಿಯಂಗೆ ಸಲ್ಲದು. ಆಕ್ಸಿಜನ್ನಿನ ಜೊತೆ ಕೂಡುವ ವಿಷಯದಲ್ಲಿ ಟೈಟೇನಿಯಂ ಕಬ್ಬಿಣ, ಸತುವುಗಳಿಗಿಂತಲೂ ಆತುರದ ಲೋಹ. ಅದರ ಬಾಳಿಕೆಗೆ ಈ ಆತುರವೇ ಕಾರಣ. ಗಾಳಿ ಸೋಕಿದ ಕ್ಷಣವೇ ಮೈಮೇಲೆ ಟೈಟೇನಿಯಂ ಡೈಆಕ್ಸೈಡಿನ ಪದರವೊಂದು ಹುಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಈ ಪದರ ಒತ್ತೊತ್ತಾಗಿ, ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ನೀರಾಗಲಿ ಉಪ್ಪಾಗಲಿ ಅದನ್ನು ದಾಟಿ ಒಳಗಿನ ಲೋಹವನ್ನು ಮುಟ್ಟಲಾರವು. ಕಬ್ಬಿಣದ ತುಕ್ಕೂ ಆಕ್ಸಿಜನ್ ಕೂಡಿಯೇ ಆಗುವಂಥದ್ದು, ಆದರೆ ಅದು ಉಬ್ಬಿ, ಬಿರಿದು, ಹಕ್ಕಳೆಯಾಗಿ ಉದುರಿ ಒಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಟೈಟೇನಿಯಂ ಮೇಲೆ ಗೀರು ಬಿದ್ದರೆ ಆ ಗೀರಿನೊಳಗೇ ಹೊಸ ಪದರ ಕೂಡಲೇ ಮೂಡುತ್ತದೆ. ಗಾಳಿ ಸಾಲದಿದ್ದರೆ ನೀರಿನಿಂದಲೇ ಆಕ್ಸಿಜನ್ ಎಳೆದುಕೊಳ್ಳುವ ಶಕ್ತಿ ಅದಕ್ಕಿದೆ. ನನ್ನ ಫ್ರೇಮಿನ ಮೇಲೆ ಗೀರುಗಳಿಗೇನೂ ಕಡಿಮೆಯಿಲ್ಲ, ಶುದ್ಧ ಟೈಟೇನಿಯಂ ಅಷ್ಟೇನೂ ಗಡಸು ಲೋಹವಲ್ಲ. ಆದರೂ ಒಂದು ಗೀರೂ ತುಕ್ಕಿಗೆ ದಾರಿಯಾಗಿಲ್ಲ.

ಕೆಟ್ಟದ್ದು ಸ್ಕ್ರೂ. ಎಡಗಡೆಯ ಕೀಲಿನ ಸ್ಕ್ರೂ ಬಿಗಿಯಾಗಿ ಕಚ್ಚಿಕೊಂಡಿತ್ತು, ಬಿಚ್ಚಿಸಿ ನೋಡಿದಾಗ ಅದರ ಸುತ್ತುಗಳಲ್ಲಿ ಕಂದು ಪುಡಿ ತುಂಬಿತ್ತು. ಫ್ರೇಮು ಟೈಟೇನಿಯಂ ಆದರೂ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದು. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದೂ ಇಂಥದೇ ಪದರ. ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಸೇರಿಸಿದಾಗ ಉಕ್ಕಿನ ಮೇಲೆ ಕ್ರೋಮಿಯಂ ಆಕ್ಸೈಡ್ ಹುಟ್ಟುತ್ತದೆ. ಆದರೆ ಬೆವರಿನಲ್ಲೂ ಕಡಲ ಗಾಳಿಯಲ್ಲೂ ಇರುವ, ಉಪ್ಪಿನ ಅಂಶವಾದ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಚುಚ್ಚಿ ಹರಿಯುತ್ತದೆ, ಸ್ಕ್ರೂವಿನ ಸುತ್ತುಗಳಂಥ ಇಕ್ಕಟ್ಟಿನಲ್ಲಿ ಹರಿದದ್ದನ್ನು ಮತ್ತೆ ಕಟ್ಟಿಕೊಳ್ಳುವಷ್ಟು ಆಕ್ಸಿಜನ್ ಸಿಗುವುದಿಲ್ಲ. ಮೈಬಿಸಿಯಷ್ಟು ಶಾಖದಲ್ಲಿ ಟೈಟೇನಿಯಂನ ಪದರಕ್ಕೆ ಕ್ಲೋರೈಡ್ ಏನೂ ಮಾಡಲಾರದು. ಒಂದೇ ಕೀಲಿನಲ್ಲಿ, ಒಂದೇ ಬೆವರಿನಲ್ಲಿ ನೆನೆದ ಎರಡು ಲೋಹಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿತ್ತು. ಸ್ಕ್ರೂ ಬದಲಾಯಿಸಲು ಹೆಚ್ಚು ಖರ್ಚಾಗುವುದಿಲ್ಲ. ಲೆನ್ಸ್ ಬದಲಿಸುವಾಗಲೆಲ್ಲ ಅದನ್ನೂ ಹೊಸದು ಹಾಕಿಸುವುದು ಒಳ್ಳೆಯದು.

ಕಡ್ಡಿಗಳ ನೀಲಿ ಬಣ್ಣದ ವಿಷಯ ನನಗೆ ಬಹಳ ಇಷ್ಟವಾದದ್ದು. ಅದು ಪೇಂಟ್ ಅಲ್ಲ. ವಿದ್ಯುತ್ ಹರಿಸಿ ಅದೇ ಆಕ್ಸೈಡ್ ಪದರವನ್ನು ದಪ್ಪ ಮಾಡಿದಾಗ ಅದರ ಮೇಲ್ಮೈಯಿಂದಲೂ ತಳದಿಂದಲೂ ಮರಳುವ ಬೆಳಕು ಒಂದಕ್ಕೊಂದು ಬೆರೆತು ಬಣ್ಣ ಹುಟ್ಟುತ್ತದೆ, ವೋಲ್ಟೇಜ್ ಬದಲಿಸಿದರೆ ಹೊಂಬಣ್ಣ, ನೇರಳೆ, ನೀಲಿ ಎಂದು ಬಣ್ಣವೂ ಬದಲಾಗುತ್ತದೆ. ಬೆರಳಿನ ಜಿಡ್ಡು ಹತ್ತಿದರೆ ನೀಲಿ ಮಂಕಾಗುತ್ತದೆ, ಸೋಪಿನ ನೀರಿನಲ್ಲಿ ತೊಳೆದ ಕೂಡಲೇ ಮರಳುತ್ತದೆ. ಮಡಚುವಾಗ ಕೈ ತಾಗುವ ಕಡೆಗಳಲ್ಲಿ ಮಾತ್ರ ಅದು ಸವೆದು ಬೂದು ಲೋಹ ಕಾಣುತ್ತಿದೆ. ಅಲ್ಲಿಯೂ ತೆಳುವಾದ ಸಹಜ ಪದರ ಇದ್ದೇ ಇರುವುದರಿಂದ ನಷ್ಟವೇನಿದ್ದರೂ ಅಂದಕ್ಕೆ ಮಾತ್ರ.

ದುರಸ್ತಿ ನಿಜವಾಗಿಯೂ ಕಷ್ಟ. ಒಮ್ಮೆ ಕೀಲಿನ ಬಳಿ ಬೆಸುಗೆ ಬಿಟ್ಟಾಗ ಊರಿನ ಅಂಗಡಿಗಳಲ್ಲಿ ಯಾರೂ ಕೈಹಾಕಲಿಲ್ಲ. ಆಕ್ಸೈಡ್ ಪದರವಿರುವಾಗ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ, ಗಾಳಿಯಲ್ಲೇ ಕೆಂಪಗೆ ಕಾಯಿಸಿದರೆ ಟೈಟೇನಿಯಂ ಆಕ್ಸಿಜನ್, ನೈಟ್ರೋಜನ್‌ಗಳನ್ನು ಹೀರಿಕೊಂಡು ಪೆಡಸಾಗಿ ಮುರಿಯುತ್ತದೆ. ಆರ್ಗಾನ್ ಅನಿಲದ ಮರೆಯಲ್ಲಿ ಲೇಸರ್ ಬೆಸುಗೆ ಹಾಕುವವರಲ್ಲಿಗೇ ಕಳಿಸಬೇಕಾಯಿತು. ಬೆಲೆ ಹೆಚ್ಚಿರುವುದರ ಹಿಂದೆಯೂ ಇದೇ ಗುಣವಿದೆ. ಟೈಟೇನಿಯಂನ ಅದಿರಾದ ಇಲ್ಮನೈಟ್ ಕೇರಳದ ಚವರದ ಕಡಲ ಮರಳಿನಲ್ಲಿ ಧಾರಾಳವಾಗಿದೆ, ಆದರೆ ಕಬ್ಬಿಣದ ಅದಿರಿನಂತೆ ಇದ್ದಿಲಿನ ಜೊತೆ ಕಾಯಿಸಿ ಅದರಿಂದ ಶುದ್ಧ ಲೋಹ ತೆಗೆಯಲಾಗುವುದಿಲ್ಲ. ಮೊದಲು ಕ್ಲೋರಿನ್ ಜೊತೆ ಕೂಡಿಸಿ ಟೈಟೇನಿಯಂ ಟೆಟ್ರಾಕ್ಲೋರೈಡ್ ಎಂಬ ಸಂಯುಕ್ತ ಮಾಡಿ, ಗಾಳಿ ಸುಳಿಯದಂತೆ ಮೆಗ್ನೀಸಿಯಂ ಜೊತೆ ಕಾಯಿಸುವ ಕ್ರೋಲ್ ವಿಧಾನವೇ ಇಂದಿಗೂ ಮುಖ್ಯವಾಗಿ ಬಳಕೆಯಲ್ಲಿದೆ.

ಒರೆಸುವ, ತೊಳೆಯುವ ವಿಷಯದಲ್ಲಿ ಒಂದೇ ಎಚ್ಚರಿಕೆ: ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ, ಅದು ಈ ಪದರವನ್ನೇ ಕರಗಿಸಬಲ್ಲದು. ಕೈಗೂ ಅದು ಬಹಳ ಅಪಾಯಕಾರಿ.

ಕೊಳ್ಳುವವರು, ಅದರಲ್ಲೂ ನಿಕಲ್‌ನಿಂದ ಚರ್ಮ ಕೆರೆಯುವವರು, ಪೂರ್ತಿ ಫ್ರೇಮು ಟೈಟೇನಿಯಂ ಹೌದೋ, ಮುಂಭಾಗ ಮಾತ್ರವೋ ಎಂದು ಕೇಳಿಯೇ ಹಣ ಕೊಡಬೇಕು. ಬಗ್ಗಿಸಿದರೂ ತನ್ನ ಆಕಾರಕ್ಕೆ ಮರಳುವ ಫ್ರೇಮುಗಳನ್ನೂ ಟೈಟೇನಿಯಂ ಎಂದೇ ಮಾರುತ್ತಾರೆ. ಅವುಗಳಲ್ಲಿ ಹಲವು ನಿಟಿನಾಲ್ ಎಂಬ ಮಿಶ್ರಲೋಹದವು, ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಿಕಲ್ ಇರುತ್ತದೆ.