ತೆರೆದ ಅಕ್ವೇರಿಯಂಗೆ ಮನೆಯಲ್ಲೇ ಮಾಡಿದ ಮೂರು ಮುಚ್ಚಳಗಳು: ಬಳಸಿ ನೋಡಿದ ಮೇಲಿನ ಅಭಿಪ್ರಾಯ

ಕಳೆದ ಚಳಿಗಾಲದಿಂದ ಈವರೆಗೆ ಒಂದೇ ಅಕ್ವೇರಿಯಂಗೆ ಮೂರು ಬಗೆಯ ಮುಚ್ಚಳಗಳನ್ನು ಮನೆಯಲ್ಲಿಯೇ ಮಾಡಿ, ಒಂದೊಂದನ್ನೂ ವಾರಗಟ್ಟಲೆ ಬಳಸಿ ನೋಡಿದ್ದೇನೆ. ಮೊದಲನೆಯದು 3 ಮಿ.ಮೀ. ದಪ್ಪದ ಅಕ್ರಿಲಿಕ್, ಎರಡನೆಯದು 4 ಮಿ.ಮೀ. ಗಾಜು, ಮೂರನೆಯದು ಎರಡು ಪದರಗಳ ನಡುವೆ ಟೊಳ್ಳು ಕೊಳವೆಗಳಿರುವ 6 ಮಿ.ಮೀ. ಪಾಲಿಕಾರ್ಬೊನೇಟ್ ಶೀಟ್. ಈಗ ತೊಟ್ಟಿಯ ಮೇಲೆ ಉಳಿದಿರುವುದು ಮೂರನೆಯದು. ಆದರೆ ಹನಿಗಟ್ಟುವ ತೊಂದರೆಯನ್ನು ನಿಜವಾಗಿ ಬಗೆಹರಿಸಿದ್ದು ಶೀಟಿನ ಜಾತಿಗಿಂತ ಹೆಚ್ಚಾಗಿ ಅದನ್ನು ಕೂರಿಸಿದ ಬಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತೊಟ್ಟಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲವಿದ್ದು, ಮೇಲೆ ಚೌಕಟ್ಟಿಲ್ಲದ ಬರೀ ಗಾಜಿನದು. ಹೀಟರ್ ನೀರನ್ನು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರುತ್ತದೆ. ಮುಚ್ಚಳವಿಲ್ಲದಿದ್ದಾಗ ವಾರಕ್ಕೆ ಸುಮಾರು 2 ಸೆಂ.ಮೀ. ನೀರು ಇಳಿಯುತ್ತಿತ್ತು, ಅಂದರೆ ಹತ್ತಿರ ಹತ್ತಿರ ಮೂರೂವರೆ ಲೀಟರ್. ಅಷ್ಟು ನೀರೂ ಕೋಣೆಯ ಗಾಳಿಯನ್ನು ಸೇರಿ, ಬೆಳಗಾಗುವಷ್ಟರಲ್ಲಿ ಕಿಟಕಿಯ ಗಾಜಿನ ಮೇಲೆ ಹನಿಗಳಾಗಿ ಇಳಿಯುತ್ತಿತ್ತು. ತೊಟ್ಟಿಯ ಹಿಂದಿನ ಗೋಡೆಯಲ್ಲಿ ಬಣ್ಣ ಉಬ್ಬಿ, ಉಗುರು ತಾಗಿಸಿದರೆ ಪದರಪದರವಾಗಿ ಬಿಡುತ್ತಿತ್ತು. 25 ಡಿಗ್ರಿ ಉಷ್ಣತೆ ಮತ್ತು ಶೇ. 60ರಷ್ಟು ತೇವಾಂಶ ಇರುವ ಗಾಳಿ ಸುಮಾರು 17 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈಗೆ ತಗುಲಿದರೂ ಅಲ್ಲಿ ನೀರು ಹನಿಗಟ್ಟುತ್ತದೆ. ಚಳಿಗಾಲದ ರಾತ್ರಿ ಹೊರಗೋಡೆ, ಕಿಟಕಿಗಳು ಅಷ್ಟು ತಣ್ಣಗಾಗುವುದು ಸಾಮಾನ್ಯ. ಇದರ ಜೊತೆಗೆ ಶಾಖದ ನಷ್ಟವೂ ಇದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.68 ಕಿಲೋವ್ಯಾಟ್-ಗಂಟೆಯಷ್ಟು ಶಾಖ ಬೇಕಾಗುತ್ತದೆ. ಅದರ ಬಹುಪಾಲು ತೊಟ್ಟಿಯ ನೀರಿನಿಂದಲೇ ಹೋಗುವುದರಿಂದ ಹೀಟರ್ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ.

ಅಕ್ರಿಲಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕತ್ತರಿಸುವುದು ಸುಲಭ, ಬೆಳಕು ಚೆನ್ನಾಗಿ ಹಾಯುತ್ತದೆ, ನೋಟ ಬಹಳ ಸ್ವಚ್ಛ. ಆದರೆ ನಾಲ್ಕನೇ ದಿನವೇ ನಾಲ್ಕೂ ಮೂಲೆಗಳು ಮೇಲೆದ್ದು, ನಡುಭಾಗ ತಟ್ಟೆಯಂತೆ ಕೆಳಗೆ ಬಾಗಿತ್ತು. ಅಕ್ರಿಲಿಕ್ ನೀರನ್ನು ಹೀರಿಕೊಳ್ಳುವ ವಸ್ತು. ಕೆಳಮೈ ಸದಾ ಒದ್ದೆಯಾಗಿದ್ದು ಮೇಲ್ಮೈ ಒಣಗಿರುವಾಗ ಕೆಳಗಿನ ಭಾಗ ಮಾತ್ರ ಹಿಗ್ಗಿ ಶೀಟ್ ಬಾಗುತ್ತದೆ. ಮಗುಚಿ ಹಾಕಿದೆ, ಎರಡು ದಿನ ನೆಟ್ಟಗಾಗಿ, ಆಮೇಲೆ ಇನ್ನೊಂದು ಕಡೆಗೆ ಬಾಗಿತು. ತೊಟ್ಟಿಯ ಮುಚ್ಚಳಕ್ಕೆ ತೆಳು ಅಕ್ರಿಲಿಕ್ ಅನ್ನು ನಾನು ಯಾರಿಗೂ ಹೇಳಲಾರೆ.

ಗಾಜು ಬಾಗುವುದಿಲ್ಲ, ಗೀರು ಬೀಳುವುದು ಕಡಿಮೆ, ಬಿಳಿ ಕಲೆ ಕಟ್ಟಿದರೆ ವಿನೆಗರ್‌ನಿಂದ ಒರೆಸಿದರೆ ಹೋಗುತ್ತದೆ. ಆದರೆ ಈ ಅಳತೆಯ ತುಂಡೇ ಒಂದೂವರೆ ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಒದ್ದೆ ಕೈಯಿಂದ ದಿನಾ ಅದನ್ನು ಎತ್ತಿ ಇಡುವಾಗ ಕೆಳಗೆ ಮೀನುಗಳಿವೆ ಎಂಬ ಭಯ ಬಿಡುವುದಿಲ್ಲ. ಅಂಚುಗಳನ್ನು ಕತ್ತರಿಸುವವರಲ್ಲೇ ಉಜ್ಜಿಸಿಕೊಳ್ಳುವುದು ಅತ್ಯಗತ್ಯ. ಇದಲ್ಲದೆ ಒಂದೇ ಪದರದ ಗಾಜಿನ ಮೇಲ್ಮೈ ಕೋಣೆಯ ಚಳಿಗೆ ತಣ್ಣಗಾದರೆ ಕೆಳಮೈಯೂ ಕೂಡಲೇ ತಣ್ಣಗಾಗುವುದರಿಂದ, ದಪ್ಪ ದಪ್ಪ ಹನಿಗಳು ಅಲ್ಲಿ ಒತ್ತೊತ್ತಾಗಿ ನಿಂತು ಒಳಗಿನ ಗಿಡಗಳೇ ಕಾಣದಷ್ಟು ಮಬ್ಬಾಗುತ್ತದೆ.

ಎರಡು ಪದರದ ಪಾಲಿಕಾರ್ಬೊನೇಟ್ ಗೆದ್ದದ್ದು ಇಲ್ಲಿಯೇ. ಪದರಗಳ ನಡುವೆ ನಿಂತ ಗಾಳಿ ಶಾಖವನ್ನು ತಡೆಯುವುದರಿಂದ ಕೆಳಮೈ ಬೆಚ್ಚಗಿದ್ದು ಹನಿಗಳು ಕಡಿಮೆಯಾಗುತ್ತವೆ. ಇಡೀ ಮುಚ್ಚಳ ಕಾಲು ಕೆ.ಜಿ.ಯೂ ಇಲ್ಲ, ಹರಿತವಾದ ಚಾಕುವಿನಿಂದ, ಸ್ಕೇಲ್ ಇಟ್ಟು ಎರಡು ಮೂರು ಸಲ ಗೀರಿದರೆ ನೇರವಾಗಿ ತುಂಡಾಗುತ್ತದೆ. ದೋಷಗಳೂ ಇವೆ. ಬೆಳಕಿನ ಸುಮಾರು ಐದನೇ ಒಂದು ಭಾಗ ಶೀಟಿನಲ್ಲೇ ಕಳೆದುಹೋಗುತ್ತದೆ, ಮೇಲಿನಿಂದ ಬಗ್ಗಿ ನೋಡಿದರೆ ಮೀನಿನ ಬದಲು ಗೆರೆಗಳೇ ಕಾಣುತ್ತವೆ. ಮೊದಲ ಸಲ ನಾನು ಕೊಳವೆಗಳ ತೆರೆದ ತುದಿಗಳನ್ನು ಮುಚ್ಚದೆ ಬಿಟ್ಟಿದ್ದೆ. ಮೂರು ವಾರದೊಳಗೆ ಆವಿ ಒಳನುಗ್ಗಿ ನೀರಾಗಿ, ಆ ನೀರಿನಲ್ಲಿ ಪಾಚಿ ಬೆಳೆದು, ಮುಚ್ಚಳದುದ್ದಕ್ಕೂ ಹಸಿರು ಗೆರೆ ಎಳೆದಂತಾಯಿತು. ಅದನ್ನು ತೆಗೆಯುವ ದಾರಿ ಕಾಣದೆ ಹೊಸ ತುಂಡು ಕತ್ತರಿಸಿ, ಪೂರ್ತಿ ಒಣಗಿರುವಾಗಲೇ ಎರಡೂ ತುದಿಗಳಿಗೆ ನೀರು ಒಸರದ ಟೇಪ್ ಸುತ್ತಿದೆ. ಸಿಲಿಕೋನ್ ಹಚ್ಚೋಣವೆಂದು ಹಲವರಿಗೆ ಅನ್ನಿಸಬಹುದು. ಗಾಜಿಗೆ ಅಂಟಿದಷ್ಟು ಗಟ್ಟಿಯಾಗಿ ಅದು ಈ ಪ್ಲಾಸ್ಟಿಕ್‌ಗೆ ಅಂಟುವುದಿಲ್ಲ.

ಇನ್ನು ಕೂರಿಸುವ ಬಗೆ. ಮುಚ್ಚಳವನ್ನು ತೊಟ್ಟಿಯ ಅಂಚಿನ ಮೇಲೆ ಹರಡಿದಂತೆ ಇಟ್ಟರೆ ಕೆಳಮೈಯ ಹನಿಗಳು ಅಂಚಿನವರೆಗೆ ಹರಿದು, ಹೊರಗಾಜಿನ ಮೇಲೆ ಇಳಿದು ಸ್ಟ್ಯಾಂಡಿನ ಮರವನ್ನು ಸೇರುತ್ತವೆ. ಹೀಗೆ ಗೋಡೆ ಉಳಿಸಲು ಹೋಗಿ ಮರವನ್ನು ಕಳೆದುಕೊಳ್ಳುವಂತಾಗುತ್ತದೆ. ಆದ್ದರಿಂದ ಶೀಟನ್ನು ತೊಟ್ಟಿಯ ಒಳ ಅಳತೆಗಿಂತ ಪ್ರತಿ ಬದಿಯಲ್ಲೂ 3 ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಗಾಜಿನ ಅಂಚಿಗೆ ಸಿಕ್ಕಿಸಿ ಒಳಗೆ ತೂಗುವ ಕ್ಲಿಪ್‌ಗಳ ಮೇಲೆ ಕೂರಿಸಿದೆ. ಮುಂದಿನ ಕ್ಲಿಪ್‌ಗಳನ್ನು ಹಿಂದಿನವುಗಳಿಗಿಂತ ಸುಮಾರು 5 ಮಿ.ಮೀ. ತಗ್ಗಿಸಿದ್ದೇನೆ. ಈಗ ಹನಿಗಳು ಒಂದಕ್ಕೊಂದು ಕೂಡಿಕೊಂಡು ಮುಂದಕ್ಕೆ ಜಾರಿ, ಒಳ ಅಂಚಿನಿಂದ ತೊಟ್ಟಿಯ ನೀರಿಗೇ ಬೀಳುವುದನ್ನು ಕುಳಿತು ನೋಡಬಹುದು. ಬೆಳಕಿನ ಲ್ಯಾಂಪ್ ಮುಚ್ಚಳದ ಮೇಲಿರುವುದರಿಂದ ಅದಕ್ಕೆ ತೇವ ತಟ್ಟುವುದಿಲ್ಲ.

ಪೂರ್ತಿ ಗಾಳಿಯಾಡದಂತೆ ಮುಚ್ಚುವುದು ಮಾತ್ರ ಬೇಡ. ಹಿಂಬದಿಯಲ್ಲಿ ಫಿಲ್ಟರ್ ಪೈಪು ಮತ್ತು ಹೀಟರ್ ವೈರಿಗಾಗಿ 2 ಸೆಂ.ಮೀ. ತೆರವು ಬಿಟ್ಟಿದ್ದೇನೆ; ಆಮ್ಲಜನಕ ಒಳಬರಲು, ಇಂಗಾಲದ ಡೈಆಕ್ಸೈಡ್ ಹೊರಹೋಗಲು ಅಷ್ಟು ಸಾಕಾಗಿದೆ. ಬೆಟ್ಟಾ, ಗೌರಾಮಿಗಳಂತೆ ನೀರಿನ ಮೇಲಕ್ಕೆ ಬಂದು ಗಾಳಿ ನುಂಗುವ ಮೀನುಗಳಿಗೆ ಮುಚ್ಚಳದಡಿಯ ಬೆಚ್ಚಗಿನ ತೇವದ ಗಾಳಿ ಒಳ್ಳೆಯದೇ. ಹಾರುವ ಮೀನುಗಳಿದ್ದರೆ ಆ ತೆರವಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ನೀರಿನಿಂದ ಮೇಲೆದ್ದು ಬೆಳೆಯುವ ಗಿಡಗಳನ್ನು ಇಟ್ಟವರಿಗೆ ಈ ಮುಚ್ಚಳ ಹೊಂದುವುದಿಲ್ಲ.

ಈಗ ವಾರಕ್ಕೆ ಅರ್ಧ ಸೆಂ.ಮೀ. ನೀರೂ ಇಳಿಯುವುದಿಲ್ಲ. ನೀರು ಆವಿಯಾದರೂ ಅದರಲ್ಲಿನ ಲವಣಗಳು ತೊಟ್ಟಿಯಲ್ಲೇ ಉಳಿಯುವುದರಿಂದ, ಮೊದಲು ನಲ್ಲಿ ನೀರನ್ನು ಮತ್ತೆ ಮತ್ತೆ ಸುರಿದು ಗಡಸುತನ ಏರುತ್ತಿತ್ತು. ಆ ಚಿಂತೆಯೂ ಬಹಳ ಕಡಿಮೆಯಾಗಿದೆ. ಗೋಡೆಯನ್ನು ಕೆರೆದು ಹೊಸ ಬಣ್ಣ ಹಚ್ಚಿ ಎರಡು ತಿಂಗಳಾಗಿದ್ದು, ಅದರ ಮೇಲೆ ಕೈಯಾಡಿಸಿದರೆ ಒಣಗಿಯೇ ಇದೆ.