ಎರಡು ಬಕೆಟ್‌ನ ಮರಳು ಫಿಲ್ಟರ್: ಎರಡು ವರ್ಷ ಬಳಸಿದ ಮೇಲೆ

ಮಳೆ ಶುರುವಾದರೆ ಸಾಕು, ನಮ್ಮ ಬಾವಿ ನೀರು ಬಗ್ಗಡ. ಅದಕ್ಕೆಂದೇ ಎರಡು ವರ್ಷದ ಹಿಂದೆ ಈ ಫಿಲ್ಟರ್ ಮಾಡಿಕೊಂಡೆ. ಇವತ್ತಿಗೂ ಬಳಸುತ್ತಿದ್ದೇನೆ. ಆದರೆ ಇದರ ನೀರನ್ನು ಕುದಿಸದೆ ಒಂದು ಗುಟುಕೂ ಕುಡಿಯುವುದಿಲ್ಲ.

ಕಟ್ಟುವುದು ಅರ್ಧ ದಿನದ ಕೆಲಸ. 20 ಲೀಟರಿನ ಎರಡು ಬಕೆಟ್ ಬೇಕು. ಮೇಲಿನದರ ತಳಕ್ಕೆ ಸಣ್ಣ ತೂತುಗಳು, ಕೆಳಗಿನದಕ್ಕೆ ನಲ್ಲಿ. ಮೇಲಿನ ಬಕೆಟ್‌ನಲ್ಲಿ ಮೊದಲು ತೆಳು ಬಟ್ಟೆ, ಆಮೇಲೆ ಎರಡು ಇಂಚು ಸಣ್ಣ ಜಲ್ಲಿ, ಎರಡು ಇಂಚು ದಪ್ಪ ಮರಳು, ಎರಡು ಇಂಚು ಇದ್ದಿಲು, ನಾಲ್ಕು ಇಂಚು ನುಣ್ಣನೆ ಮರಳು. ಜಲ್ಲಿ ಏನನ್ನೂ ಸೋಸುವುದಿಲ್ಲ, ಮರಳು ಕೆಳಗೆ ಜಾರದಂತೆ ಹಿಡಿದುಕೊಳ್ಳುತ್ತದೆ ಅಷ್ಟೇ. ನಿಜವಾದ ಕೆಲಸ ನುಣ್ಣನೆ ಮರಳಿನದು.

ಮೊದಲ ದಿನ ನಗೆಪಾಟಲಾಯಿತು. ಹಾಕಿದ್ದಕ್ಕಿಂತ ಜಾಸ್ತಿ ಕೆಸರು ನೀರು ಕೆಳಗೆ ಬಂತು! ಮರಳನ್ನು ಎರಡು ಸಲ ತೊಳೆದರೆ ಸಾಕು ಅಂದುಕೊಂಡಿದ್ದೆ. ಎಂಟು ಸಲ ತೊಳೆಯಬೇಕಾಯಿತು. ತೊಳೆದ ನೀರು ತಿಳಿಯಾಗುವ ತನಕ ಬಿಡಬೇಡಿ. ಇದ್ದಿಲಿಗೂ ಅದೇ ಮಾತು, ಇಲ್ಲದಿದ್ದರೆ ವಾರಗಟ್ಟಲೆ ಕಪ್ಪು ಪುಡಿ ಬರುತ್ತದೆ.

ಅದಾದ ಮೇಲೆ ನೀರು ಗಾಜಿನ ಹಾಗೆ ಬಂತು. ಮಣ್ಣಿನ ವಾಸನೆಯೂ ಹೋಯಿತು. ಸರಿ, ಇನ್ನು ಕುದಿಸುವ ಗೋಜೇ ಬೇಡ ಅಂದುಕೊಂಡೆ. ಗೆಳೆಯನೊಬ್ಬ ಸುಮ್ನೆ ನೋಡೋಣ ಅಂತ ನೀರು ಪರೀಕ್ಷೆಯ ಪುಟ್ಟ ಬಾಟಲಿ ತಂದುಕೊಟ್ಟ. ಮಲದಿಂದ ಬರುವ ರೋಗಾಣುಗಳ ಸುಳಿವಿದ್ದರೆ ನೀರು ಕಪ್ಪಾಗುತ್ತದೆ. ನನ್ನ ಗಾಜಿನಂಥ ನೀರು ಮರುದಿನ ಬೆಳಗ್ಗೆ ಶಾಯಿಯಂತಾಗಿತ್ತು. ಅದೇ ನೀರನ್ನು ಕುದಿಸಿ, ಆರಿಸಿ ಇನ್ನೊಂದು ಬಾಟಲಿಗೆ ಹಾಕಿದೆ. ಎರಡು ದಿನವಾದರೂ ಬಣ್ಣ ಬದಲಾಗಲಿಲ್ಲ. ತಿಳಿ ನೀರು ಬೇರೆ, ಶುದ್ಧ ನೀರು ಬೇರೆ ಅಂತ ಗೊತ್ತಾಗಿದ್ದು ಆಗಲೇ. ಈಗ ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಬಿಡುತ್ತೇನೆ.

ಉಪ್ಪು, ಫ್ಲೋರೈಡ್ ತೆಗೆಯುತ್ತದಾ ಅಂತ ಸುಮಾರು ಜನ ಕೇಳುತ್ತಾರೆ. ಇಲ್ಲ. ನೀರಿನಲ್ಲಿ ಕರಗಿದ ಉಪ್ಪು, ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿದೆ, ಸೋಸುವ ಮುಂಚೆ ಎಷ್ಟಿತ್ತೋ ಆಮೇಲೂ ಹೆಚ್ಚುಕಡಿಮೆ ಅಷ್ಟೇ. ನೀರಿನಲ್ಲಿ ಕರಗಿದ್ದನ್ನು ಮರಳು ಹಿಡಿಯುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಅಂಥ ತೊಂದರೆ ಇರುವವರಿಗೆ ಈ ಫಿಲ್ಟರ್ ಅಲ್ಲ.

ಇದ್ದಿಲಿನ ಬಗ್ಗೆ ನನ್ನ ಉತ್ಸಾಹ ಪೂರ್ತಿ ಇಳಿದಿದೆ. ಒಲೆಯ ಇದ್ದಿಲಿಗೂ ಫಿಲ್ಟರ್‌ಗೆಂದೇ ತಯಾರಿಸುವ ಆಕ್ಟಿವೇಟೆಡ್ ಕಾರ್ಬನ್‌ಗೂ ಅಜಗಜಾಂತರ. ಆ ಕಾರ್ಬನ್ನನ್ನು ಹಬೆ ಅಥವಾ ರಾಸಾಯನಿಕದಿಂದ ಹದ ಮಾಡಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರ ಬರಿಸಿರುತ್ತಾರೆ. ನನ್ನದು ಎರಡೇ ತಿಂಗಳಿಗೆ ಸತ್ತುಹೋಯಿತು, ವಾಸನೆ ಮತ್ತೆ ಶುರು. ಒಮ್ಮೆ ಮೂರು ವಾರ ಊರಲ್ಲಿರಲಿಲ್ಲ. ಬಂದು ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳುವ ಹಾಗಿತ್ತು. ಒದ್ದೆ ಇದ್ದಿಲು ರೋಗಾಣುಗಳಿಗೆ ಒಳ್ಳೆ ಮನೆ, ಅಲ್ವಾ? ಅದನ್ನು ಎಸೆದು ಆ ಜಾಗಕ್ಕೂ ಮರಳೇ ತುಂಬಿದೆ. ಈಗ ಊರಿಗೆ ಹೋಗುವ ಮುಂಚೆ ಎಲ್ಲ ಬಿಚ್ಚಿ ಬಿಸಿಲಿಗೆ ಹರಡುತ್ತೇನೆ.

ನೀರು ಇಳಿಯುವುದು ನಿಧಾನವಾದರೆ ಎಲ್ಲವನ್ನೂ ತೆಗೆದು ತೊಳೆಯಬೇಡಿ. ನಾನು ಹಾಗೆ ಮಾಡಿ ಮೂರು ಭಾನುವಾರ ಕಳೆದಿದ್ದೇನೆ. ಮೇಲಿನ ಒಂದು ಇಂಚು ಕೆರೆದು ತೊಳೆದು ಹಾಕಿದರೆ ಸಾಕು. ನಲ್ಲಿಗೆ ಎರಡೂ ಕಡೆ ರಬ್ಬರ್ ವಾಷರ್ ಹಾಕಿ, ಇಲ್ಲವಾದರೆ ಸೋರುತ್ತದೆ.

ಮರಳು ರೋಗಾಣುಗಳನ್ನು ತಡೆಯುವುದೇ ಇಲ್ಲ ಅಂತಲ್ಲ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ನೀರಿಗೆ ಕಟ್ಟಿದ್ದೂ ಮರಳಿನ ಫಿಲ್ಟರೇ. ಆದರೆ ಅಂಥದರಲ್ಲಿ ಮರಳು ಸದಾ ನೀರಿನಡಿ ಇರುತ್ತದೆ. ಮೇಲೆ ಲೋಳೆಯಂಥ ಪದರ ಬೆಳೆಯುತ್ತದೆ, ಅದರಲ್ಲಿರುವ ಜೀವಿಗಳೇ ರೋಗಾಣುಗಳನ್ನು ತಿನ್ನುತ್ತವೆ. ನನ್ನ ಬಕೆಟ್ ದಿನಕ್ಕೆರಡು ಸಲ ಖಾಲಿಯಾಗುತ್ತದೆ, ಪದರ ಬೆಳೆಯುವುದು ಎಲ್ಲಿಂದ? ನೀರು ಹೊರಬರುವ ಪೈಪನ್ನು ಮೇಲಕ್ಕೆ ಬಾಗಿಸಿ, ಮರಳಿನ ಮೇಲೆ ಸದಾ ಐದು ಸೆಂಟಿಮೀಟರ್ ನೀರು ನಿಲ್ಲಿಸುವ ಬಯೋಸ್ಯಾಂಡ್ ಫಿಲ್ಟರ್ ಅಂತ ಒಂದಿದೆ. ಅದರ ಪದರ ಹದವಾಗಲು ಒಂದು ತಿಂಗಳಾದರೂ ಬೇಕಾಗಬಹುದು. ಅದನ್ನು ಮಾಡಲು ಮರಳು ಜರಡಿ ಹಿಡಿದಿಟ್ಟಿದ್ದೇನೆ. ಪೈಪ್ ಇನ್ನೂ ತಂದಿಲ್ಲ.