ಟೆಸ್ಟ್ ಓಡಿಸುವ ಮುಂಚೆ ಡಾಟ್ ಇಎನ್‌ವಿ ಫೈಲ್ ತೆಗೆದು ನೋಡಿ

ಹೊಸ ಪ್ರಾಜೆಕ್ಟ್ ಸೇರಿ ಲೋಕಲ್ ಸೆಟಪ್ ಮಾಡುತ್ತಿದ್ದೀರಾ? ಟೆಸ್ಟ್ ಕಮಾಂಡ್ ಕೊಡುವ ಮುಂಚೆ ಇದನ್ನು ಓದಿ. ನಾನಿದ್ದ ಒಂದು ಟೀಮಿನಲ್ಲಿ ಎಲ್ಲರೂ ಬಳಸುತ್ತಿದ್ದ ಸ್ಟೇಜಿಂಗ್ (ಬಿಡುಗಡೆಗೆ ಮುಂಚೆ ಪರೀಕ್ಷಿಸಿ ನೋಡುವ ಸರ್ವರ್) ಡೇಟಾಬೇಸ್ ಒಂದೇ ಟೆಸ್ಟ್ ರನ್‌ಗೆ ಪೂರ್ತಿ ಖಾಲಿ ಆಯಿತು. ಬ್ಯಾಕಪ್ ಇರಲಿಲ್ಲ. ಸ್ಟೇಜಿಂಗ್ ತಾನೇ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅದು ರೈಲ್ಸ್ (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್) ಅಪ್ಲಿಕೇಶನ್, ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್. ಸೆಟಪ್ ಸೂಚನೆ ಬಹಳ ಸರಳ: ರೆಪೊ ಕ್ಲೋನ್ ಮಾಡಿ, ಡಾಟ್ ಇಎನ್‌ವಿ ಎಕ್ಸಾಂಪಲ್ ಫೈಲನ್ನು ಡಾಟ್ ಇಎನ್‌ವಿ (ಡೇಟಾಬೇಸ್ ವಿಳಾಸದಂಥ ಸೆಟ್ಟಿಂಗ್‌ಗಳನ್ನು ಇಡುವ ಫೈಲ್) ಅಂತ ಕಾಪಿ ಮಾಡಿ, ಟೆಸ್ಟ್ ಓಡಿಸಿ. ಆ ಎಕ್ಸಾಂಪಲ್ ಫೈಲಿನಲ್ಲಿ ಯಾರೋ ಯಾವಾಗಲೋ ತಮ್ಮ ಅನುಕೂಲಕ್ಕೆ ‘ಡೇಟಾಬೇಸ್_ಯುಆರ್‌ಎಲ್’ ಎದುರು ಸ್ಟೇಜಿಂಗ್ ಸರ್ವರ್ ವಿಳಾಸವನ್ನೇ ಪಾಸ್‌ವರ್ಡ್ ಸಮೇತ ಹಾಕಿ ಕಮಿಟ್ ಮಾಡಿಬಿಟ್ಟಿದ್ದರು. ಸೂಚನೆಯಲ್ಲಿದ್ದ ಹಾಗೇ ಮಾಡಿದೆ. ಎಲ್ಲ ಟೆಸ್ಟೂ ಹಸಿರು. ಸ್ವಲ್ಪ ನಿಧಾನ ಅನ್ನಿಸಿತು ಅಷ್ಟೇ, ಒಂದೊಂದು ಕ್ವೆರಿಯೂ ನೆಟ್‌ವರ್ಕ್ ದಾಟಿ ಹೋಗಿ ಬರುತ್ತಿತ್ತಲ್ಲ. ಅಷ್ಟರಲ್ಲಿ ಕ್ಯೂಎ (ಟೆಸ್ಟಿಂಗ್ ತಂಡ) ಕಡೆಯವರಿಂದ ಮೆಸೇಜ್: "ಲಾಗಿನ್ ಆಗ್ತಿಲ್ಲ, ಯಾರಾದ್ರೂ ಏನಾದ್ರೂ ಮಾಡಿದ್ರಾ?" ಸ್ಟೇಜಿಂಗ್‌ನ ಯೂಸರ್ಸ್ ಟೇಬಲ್ ಮೇಲೆ ಕೌಂಟ್ ಹಾಕಿದರೆ ಸೊನ್ನೆ.

ರೈಲ್ಸ್‌ನ ಡೇಟಾಬೇಸ್ ಸೆಟ್ಟಿಂಗ್ ಫೈಲಾದ ಡೇಟಾಬೇಸ್ ಡಾಟ್ ವೈಎಂಎಲ್‌ನಲ್ಲಿ ಟೆಸ್ಟ್‌ಗೆ ಬೇರೆ ಡೇಟಾಬೇಸ್ ಹೆಸರು ಇದ್ದೇ ಇತ್ತು. ಆದರೆ ‘ಡೇಟಾಬೇಸ್_ಯುಆರ್‌ಎಲ್’ ಸೆಟ್ ಆಗಿದ್ದರೆ ರೈಲ್ಸ್ ಅದಕ್ಕೇ ಮಣೆ ಹಾಕುತ್ತದೆ, ಫೈಲಿನಲ್ಲಿ ಬರೆದ ಹೆಸರು ಲೆಕ್ಕಕ್ಕೇ ಇಲ್ಲ. ಡಾಟ್‌ಇಎನ್‌ವಿ ಜೆಮ್ (ರೂಬಿ ಲೈಬ್ರರಿ) ಟೆಸ್ಟ್ ಗ್ರೂಪಿನಲ್ಲೂ ಇದ್ದರೆ ಅದೇ ಡಾಟ್ ಇಎನ್‌ವಿ ಫೈಲನ್ನು ಟೆಸ್ಟ್‌ಗೂ ಲೋಡ್ ಮಾಡುತ್ತದೆ. ಇನ್ನು ನಮ್ಮ ಸೆಟಪ್‌ನಲ್ಲಿ ಟೆಸ್ಟ್ ಶುರುವಾಗುವ ಮುಂಚೆ ಡೇಟಾಬೇಸ್ ಕ್ಲೀನರ್ ಅನ್ನುವ ಇನ್ನೊಂದು ಜೆಮ್ ಎಲ್ಲ ಟೇಬಲ್‌ಗಳನ್ನೂ ಟ್ರಂಕೇಟ್ (ಪೂರ್ತಿ ಖಾಲಿ) ಮಾಡುತ್ತಿತ್ತು, ಅದರ ಕೆಲಸವೇ ಅದು.

ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ. ಯುಆರ್‌ಎಲ್ ಬೇರೆ ಮಷೀನಿನದ್ದು ಅಂತ ಕಂಡರೆ ಡೇಟಾಬೇಸ್ ಕ್ಲೀನರ್ ಎರರ್ ಕೊಟ್ಟು ನಿಂತುಬಿಡುತ್ತದೆ. ಡಾಕರ್ ಕಂಪೋಸ್‌ನಲ್ಲಿ (ಡೇಟಾಬೇಸನ್ನು ನಮ್ಮದೇ ಮಷೀನಿನ ಕಂಟೇನರ್‌ನಲ್ಲಿ ಓಡಿಸುವಾಗ) ಹೋಸ್ಟ್ ಹೆಸರು ಸಾಮಾನ್ಯವಾಗಿ ‘ಡಿಬಿ’ ಅಂತ ಇರುತ್ತದೆ, ಲೋಕಲ್‌ಹೋಸ್ಟ್ ಅಲ್ಲ. ಹಾಗಾಗಿ ಆ ಎರರ್ ಅಲ್ಲೂ ಬರುತ್ತಿತ್ತು. ಅದರ ಕಾಟ ತಾಳಲಾರದೆ ಆ ತಡೆಯನ್ನೇ ಆಫ್ ಮಾಡುವ ಸಾಲನ್ನೂ ಎಕ್ಸಾಂಪಲ್ ಫೈಲಿಗೆ ಸೇರಿಸಿದ್ದರು!

ರೈಲ್ಸ್‌ಗೇ ತನ್ನದೊಂದು ಕಾವಲು ಇಲ್ವಾ ಅಂದರೆ, ಇದೆ. ರೈಲ್ಸ್ 5ರಿಂದ ಪ್ರೊಡಕ್ಷನ್ (ನಿಜವಾದ ಬಳಕೆದಾರರ) ಡೇಟಾಬೇಸ್ ಡ್ರಾಪ್ ಮಾಡಲು ಹೋದರೆ ತಡೆಯುತ್ತದೆ. ಆದರೆ ಹಾಗೆ ಕಾಯುವವುಗಳ ಪಟ್ಟಿಯಲ್ಲಿ ಮೊದಲಿಂದ ಇರುವುದು ಪ್ರೊಡಕ್ಷನ್ ಒಂದೇ, ಸ್ಟೇಜಿಂಗ್ ಬೇಕಾದರೆ ನಾವೇ ಸೇರಿಸಬೇಕು. ಸೇರಿಸಿದ್ದರೂ ಟೆಸ್ಟ್ ಒಳಗಿಂದ ಓಡುವ ಈ ಟ್ರಂಕೇಟ್ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಈ ವಿಷಯದಲ್ಲಿ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋ ವಾಸಿ: ಹೆಸರಿನ ಮುಂದೆ ‘ಟೆಸ್ಟ್_’ ಸೇರಿಸಿ ಬೇರೆಯೇ ಡೇಟಾಬೇಸ್ ಮಾಡಿಕೊಂಡು, ಕೊನೆಗೆ ಅದನ್ನೇ ಅಳಿಸುತ್ತದೆ.

ಈಗ ನಾನು ಯಾವ ಪ್ರಾಜೆಕ್ಟ್ ತೆಗೆದರೂ ಮೊದಲು ಟೆಸ್ಟ್ ಎನ್ವಿರಾನ್‌ಮೆಂಟ್‌ನಲ್ಲೇ ಕನ್ಸೋಲ್ ಓಪನ್ ಮಾಡಿ ‘ಕರೆಂಟ್_ಡೇಟಾಬೇಸ್’ (ಡೇಟಾಬೇಸ್ ಹೆಸರು) ಮತ್ತು ‘ಐನೆಟ್_ಸರ್ವರ್_ಅಡ್ರ್’ (ಸರ್ವರ್ ವಿಳಾಸ) ಎರಡನ್ನೂ ಸೆಲೆಕ್ಟ್ ಮಾಡಿ ನೋಡುತ್ತೇನೆ. ಎರಡನೆಯದು ನಲ್ ಬಂದರೆ ಗಾಬರಿ ಬೇಡ, ಯುನಿಕ್ಸ್ ಸಾಕೆಟ್ ಮೂಲಕ ನಿಮ್ಮ ಮಷೀನಿಗೇ ಕನೆಕ್ಟ್ ಆಗಿದೆ ಅಂತ ಅರ್ಥ. ಶೆಲ್‌ನಲ್ಲಿ ಹಿಂದೆ ಎಕ್ಸ್‌ಪೋರ್ಟ್ ಮಾಡಿದ ‘ಡೇಟಾಬೇಸ್_ಯುಆರ್‌ಎಲ್’ ಉಳಿದಿದೆಯಾ ಅಂತಲೂ ನೋಡಿ. ಡಾಟ್ ಇಎನ್‌ವಿ ಡಾಟ್ ಟೆಸ್ಟ್ ಅಂತ ಬೇರೆ ಫೈಲ್ ಇಟ್ಟರೂ ಶೆಲ್‌ನಲ್ಲಿ ಇರುವುದೇ ಗೆಲ್ಲುತ್ತದೆ.

ಲೋಕಲ್ ಅಲ್ವಾ, ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿರುವ ಸಣ್ಣ ಡೇಟಾಬೇಸ್) ಸಾಕು ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅದರಲ್ಲಿ ವಾರ್‌ಚಾರ್ 10 (ಹೆಚ್ಚೆಂದರೆ 10 ಅಕ್ಷರ) ಅಂತ ಬರೆದ ಕಾಲಮ್‌ಗೆ 50 ಅಕ್ಷರ ತುಂಬಿದರೂ ತೆಗೆದುಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಡಾಕರ್‌ನಲ್ಲೇ ಪೋಸ್ಟ್‌ಗ್ರೆಸ್ ಓಡಿಸಿ, ಪೋರ್ಟನ್ನು 127.0.0.1ಕ್ಕೆ, ಅಂದರೆ ನಿಮ್ಮ ಮಷೀನಿಗೆ ಮಾತ್ರ ಕಟ್ಟಿ.

ಸ್ಟೇಜಿಂಗ್ ಡೇಟಾ ನೋಡಲೇಬೇಕು ಅಂದರೆ ಓದಲು ಮಾತ್ರ ಬರುವ ಬೇರೆ ಯೂಸರ್ ಕೇಳಿ. ಪೋಸ್ಟ್‌ಗ್ರೆಸ್ 14ರಿಂದ ‘ಪಿಜಿ_ರೀಡ್_ಆಲ್_ಡೇಟಾ’ ಅನ್ನುವ ರೋಲ್ ಅದಕ್ಕೇ ಇದೆ. ಎಕ್ಸಾಂಪಲ್ ಫೈಲಿನಲ್ಲಿ ನಿಜವಾದ ಪಾಸ್‌ವರ್ಡ್ ಕಂಡರೆ ಸುಮ್ನೆ ಆ ಸಾಲು ಅಳಿಸಿ ಬಿಡಬೇಡಿ, ಗಿಟ್ ಹಿಸ್ಟರಿಯಲ್ಲಿ ಅದು ಹಾಗೇ ಇರುತ್ತದೆ. ಪಾಸ್‌ವರ್ಡನ್ನೇ ಬದಲಾಯಿಸಲು ಹೇಳಿ.